ಜರಡಿ ದಾಟದ ‘ಪಟ್ಣ’

ಶ್ರೀರಂಗಪಟ್ಟಣದ ಗಂಜಾಂನಲ್ಲಿ ಇನ್ನೂ ಮಬ್ಬುಗತ್ತಲೆ. ನಿಮಿಷಾಂಬ ಗುಡಿಯ ಕಡೆ ಹೂವಿನವರು ಹೊರಟಿದ್ದಾರೆ. ಸಂಘಮಿತ್ರಾ ಅಡುಗೆಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದಾರೆ. ಪಾಂಡವಪುರದಲ್ಲಿ ಹೆರಿಗೆಯಾದ ಹೆಣ್ಣುಮಗಳೊಬ್ಬಳಿಗೆ ಬಿ ನೆಗೆಟಿವ್ ರಕ್ತ ಬೇಕಾಗಿದೆ. ಪರದೆಯ ಮೇಲೆ ಎರಡು ಹೆಸರು ಮೂಡುತ್ತವೆ. “ಅಣ್ಣ, ಎದ್ದಿದ್ದೀಯಾ? ಒಂದ್ ಜೀವ ಉಳುಸ್ಬೇಕು ಕಣಣ್ಣ,” ಎಂದು ಫೋನಿನಲ್ಲಿ ಕೇಳುತ್ತಾರೆ. ಆ ಕಡೆಯವರು ಹೊರಟೆ ಎಂದ ಮೇಲೆಯೇ ಕಾಫಿ ಲೋಟಕ್ಕೆ ಕೈ ಹೋಗುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿನ ರಕ್ತದಾನಿಗಳ ವೆಬ್‌ಸೈಟ್ ಕಟ್ಟಿ ಕಾಯುತ್ತಿರುವವರು ಇವರು. ಹಗಲೆಲ್ಲ ತಾಲ್ಲೂಕು ಕಚೇರಿ ಎದುರಿನ ಕಂಪ್ಯೂಟರ್ ಅಂಗಡಿಯಲ್ಲಿ ಪಹಣಿ ತೆಗೆಯುವ, ಅರ್ಜಿ ತುಂಬುವ ಕೆಲಸ. ಕೋಡ್ ಬರೆಯಲು ಕಲಿತದ್ದೂ ಅಲ್ಲೇ, ಗಿರಾಕಿ ಇಲ್ಲದ ಹೊತ್ತಿನಲ್ಲಿ. ಶಾಲು, ಹಾರವೆಲ್ಲ ರಕ್ತದಾನ ಶಿಬಿರ ಉದ್ಘಾಟಿಸಿದವರ ಕೊರಳಿಗೇ, ಇವರನ್ನು ಕೇಳುವವರಾರು!

“ನಮ್ಮವ್ವ ಹಿಟ್ಟು ಜರಡಿ ಹಿಡಿಯಲ್ವಾ, ಅಂಗೇಯ. ರಕ್ತದ ಗುಂಪಿಗೊಂದು ಜರಡಿ, ತಾಲ್ಲೂಕಿಗೊಂದು, ಈಚೆಗೆ ರಕ್ತ ಕೊಟ್ಟೋರ್ನ ಬುಡಾಕೆ ಇನ್ನೊಂದು. ಒಂದ್ರ ಕೆಳಗೊಂದು ಇಟ್ಟು ಎಲ್ಲ ಹೆಸರ್ನೂ ಸುರೀತೀನಿ. ಮೂರೂ ದಾಟಿ ಬಂದೋರಿಗೆ ಫೋನು,” ಎಂದು ವೆಬ್‌ಸೈಟ್ ಹುಡುಕುವ ಬಗೆಯನ್ನು ಸಂಘಮಿತ್ರಾ ವಿವರಿಸುತ್ತಾರೆ. ಪ್ರತಿ ಜರಡಿಯ ಕೋಡನ್ನೂ ಒಮ್ಮೆ ಬರೆದರೆ ಸಾಕು, ಯಾವ ಹುಡುಕಾಟಕ್ಕೆ ಬೇಕಾದರೂ ಅದನ್ನೇ ಜೋಡಿಸಿಕೊಳ್ಳಬಹುದು. ಅನುಕೂಲವೂ ಅದೇ, ಅಪಾಯವೂ ಅದೇ. ಒಂದು ಜರಡಿ ಕೆಟ್ಟರೆ ಎಲ್ಲ ಹುಡುಕಾಟವೂ ಕೆಟ್ಟಂತೆ.

ಹೋದ ಆಷಾಢದಲ್ಲಿ ಕೆಟ್ಟಿತು. ಕರಿಘಟ್ಟದ ತಪ್ಪಲಿನ ರೈತ ಹೊನ್ನಪ್ಪನವರ ಮಗಳು ಅರ್ಪಿತಳಿಗೆ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಅಪ್ಪನ ರಕ್ತದ ಗುಂಪು ಬೇರೆ. ಸಂಘಮಿತ್ರಾ ವೆಬ್‌ಸೈಟಿನಲ್ಲಿ ಶ್ರೀರಂಗಪಟ್ಟಣ ಎಂದು ಹುಡುಕಿದರೆ ಒಂದು ಹೆಸರೂ ಬರಲಿಲ್ಲ. ದೂರದಿಂದ ರಕ್ತ ತರುವಷ್ಟರಲ್ಲಿ ಅರ್ಪಿತ ತೀರಿಕೊಂಡಿದ್ದಳು. ಮಗು ಉಳಿಯಿತು.

ಆಮೇಲೆ ನೋಡಿದರೆ ಆ ಗುಂಪಿನ ದಾನಿಗಳು ಊರಲ್ಲೇ ಇದ್ದರು! ಹೆಸರು ನೋಂದಾಯಿಸುವಾಗ ತಾಲ್ಲೂಕಿನ ಜಾಗದಲ್ಲಿ ‘ಪಟ್ಣ’ ಎಂದು ಬರೆದಿದ್ದರು. ಈ ಕಡೆ ಯಾರು ತಾನೇ ಶ್ರೀರಂಗಪಟ್ಟಣ ಎಂದು ಪೂರ್ತಿ ಹೇಳುತ್ತಾರೆ? ಜರಡಿಗೆ ಮಾತ್ರ ಅಚ್ಚಿನ ಹೆಸರಷ್ಟೇ ಗೊತ್ತಿತ್ತು. “ನಾನೂ ದಿನಾ ಪಟ್ಣ ಅಂತ್ಲೇ ಅನ್ನೋದು. ಬರೆಯೋವಾಗ ಮರ್ತ್ಬುಟ್ಟೆ. ಕಾಳ್ನ ಹೊಟ್ಟು ಅಂತ ತೂರ್ಬುಟ್ಟೆ,” ಎನ್ನುತ್ತಾರೆ ಸಂಘಮಿತ್ರಾ.

ಜರಡಿಯನ್ನು ಅಂದೇ ಸರಿಮಾಡಿದರು. ಪಟ್ಣ, ಪೇಟೆ ಎಂದರೂ ಈಗ ಅದಕ್ಕೆ ತಿಳಿಯುತ್ತದೆ. ಆದರೆ ಹೊನ್ನಪ್ಪನವರಿಗೆ ಹೇಳುವುದೋ ಬೇಡವೋ? ಆ ಗುಂಪಿನವರು ಸಿಗುವುದೇ ಅಪರೂಪ ಎಂದುಕೊಂಡು, ಹಣೆಬರಹವನ್ನು ಬೈದು ಅವರು ಸುಮ್ಮನಾಗಿದ್ದರು. “ಸುಮ್ಕಿರು ಮಗ, ಹೋದ್ ಜೀವ ಬಂದದಾ?” ಎಂದರು ಸಂಘಮಿತ್ರಾ ಅವರ ತಾಯಿ ಸಿದ್ದಲಿಂಗಮ್ಮ. ಮಗಳು ಕೇಳಲಿಲ್ಲ. ಹೊನ್ನಪ್ಪನವರ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದರು.

“ಪಟ್ಣದಲ್ಲೇ ಇದ್ರೇನವ್ವಾ?” ಎಂದು ಕೇಳಿದರು ಹೊನ್ನಪ್ಪ.

“ಇದ್ರು ಗೌಡ್ರೆ.”

ಹೊನ್ನಪ್ಪ ಎದ್ದು ಒಳಗೆ ಹೋದರು. ಸಂಘಮಿತ್ರಾ ಅಳುತ್ತಾ ಅಂಗಳದಲ್ಲೇ ನಿಂತರು. ಬೈಗುಳ ತಿನ್ನದೆ ಹೋಗುವುದು ಅವರಿಗೆ ಸರಿ ಕಾಣಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೊನ್ನಪ್ಪ ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದರು.

“ನನ್ನ ಹೆಸರೂ ಬರ್ಕೊ. ನಂದೂ ರಕ್ತವೇಯ,” ಎಂದರು. “ಊರ್ ಹೆಸರು ಮಾತ್ರ ನಾವ್ ಅನ್ನೋ ಅಂಗೇ ಬರಿ, ತಾಯಿ.”