ಸೆವ್ರಿನ್ ಟೀಚರ ಪಾರೆ

ಸೆವ್ರಿನ್ ಟೀಚರನ್ನು ನಾನು ಮೊದಲ ಸಲ ನೋಡಿದಾಗ ಅವರು ಮನೆಯಂಗಳದಲ್ಲಿ ಒಂದು ಡ್ರಮ್ಮಿಗೆ ಸುತ್ತು ಬರುತ್ತಿದ್ದರು. ಡಾಮರು ತುಂಬಿ ಬರುತ್ತದಲ್ಲ, ಅಂಥ ಕಬ್ಬಿಣದ ಡ್ರಮ್ಮು. ಅಲುಗಾಡದ ಹಾಗೆ ಅದಕ್ಕೆ ಮರಳು ತುಂಬಿಸಿ, ಮೇಲೆ ದಪ್ಪ ಗಾಜಿನ ಬಿಲ್ಲೆಯೊಂದನ್ನು ಕೂರಿಸಿ, ಅದರ ಮೇಲೆ ಇನ್ನೊಂದು ಬಿಲ್ಲೆಯಿಟ್ಟು, ನಡುವೆ ಒದ್ದೆ ಪುಡಿ ಹಾಕಿ ಎರಡೂ ಕೈಯಿಂದ ಉಜ್ಜುತ್ತಿದ್ದರು. ಸ್ವಲ್ಪ ಉಜ್ಜುವುದು, ಒಂದು ಹೆಜ್ಜೆ ಪಕ್ಕಕ್ಕೆ ಸರಿಯುವುದು, ಮತ್ತೆ ಉಜ್ಜುವುದು. ತುಟಿ ಅಲ್ಲಾಡುತ್ತಿತ್ತು. ಕೊಂಕಣಿಯಲ್ಲಿ ಜಪಮಾಲೆಯ ಪ್ರಾರ್ಥನೆ, ತೇರ್ಸ್. ಟೀಚರು ಯಾವುದೋ ದೊಡ್ಡ ಹರಕೆ ಹೇಳಿಕೊಂಡಿದ್ದಾರೆ ಎಂದೇ ನೆರೆಮನೆಯವರು ಬಹಳ ಕಾಲ ನಂಬಿದ್ದರು.

"ಹರಕೆ ಎಂತದ್ದೂ ಇಲ್ಲ ಮಾರಾಯ," ಎಂದು ಅವರು ಕೈ ತೊಳೆಯುತ್ತಾ ನಕ್ಕರು. "ಒಂದು ತೇರ್ಸ್ ಮುಗಿಯುವಾಗ ಹಾಕಿದ ಪುಡಿ ಸವೆದಿರ್ತದೆ. ಗಡಿಯಾರ ನೋಡುವ ಕೆಲಸ ಇಲ್ಲ. ದೇವರಿಗೂ ಆಯ್ತು, ಕನ್ನಡಿಗೂ ಆಯ್ತು."

ಹಾಗೆ ಸವೆಸಿ ಸವೆಸಿ ಗಾಜಿನಲ್ಲಿ ತೆಳ್ಳಗಿನ ಕುಳಿ ಮಾಡಿ, ನುಣುಪುಗೊಳಿಸಿ, ಬೆಳ್ಳಿಯಂತೆ ಹೊಳೆಯುವ ಲೇಪ ಕೊಡಿಸಿದರೆ ಅದು ಟೆಲಿಸ್ಕೋಪಿನ ಕನ್ನಡಿ. ಟೀಚರು ಮಂಗಳೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು. ಕೇರಳದ ಬದಿಯ ಕುಂಬಳೆ ಸ್ಟೇಷನ್ನಿನಿಂದ ದಿನಾ ಲೋಕಲ್ ರೈಲಿನಲ್ಲಿ ಗಡಿ ದಾಟಿ ಹೋಗಿ ಬರುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಈ ಹುಚ್ಚು ಹಿಡಿಯಿತು. ಮನೆಯಿದ್ದದ್ದು ಕುಂಬಳೆ ಹತ್ತಿರದ ಅನಂತಪುರದಿಂದ ಸ್ವಲ್ಪ ಆಚೆ. ಮನೆಯ ಹಿಂದೆ ಮುರಕಲ್ಲಿನ ದೊಡ್ಡ ಪಾರೆ. ಮರವಿಲ್ಲ, ಗಿಡವಿಲ್ಲ, ಎಲ್ಲಿ ನಿಂತರೂ ನಾಲ್ಕೂ ದಿಕ್ಕಿಗೆ ಆಕಾಶ. ವರ್ಷಕ್ಕೊಮ್ಮೆ, ಚಳಿಗಾಲದ ಅಮಾವಾಸ್ಯೆಯ ಹತ್ತಿರದ ಒಂದು ಶನಿವಾರ, ಮನೆಯಲ್ಲೇ ಟೆಲಿಸ್ಕೋಪ್ ಮಾಡುವ ನಾವೆಲ್ಲ ಆ ಪಾರೆಯ ಮೇಲೆ ಸೇರುತ್ತಿದ್ದೆವು. ಮಂಗಳೂರು, ಪುತ್ತೂರು, ಕಣ್ಣೂರು ಕಡೆಗಳಿಂದ ಪಿವಿಸಿ ಪೈಪಿನ, ಪ್ಲೈವುಡ್ಡಿನ ತರಹೇವಾರಿ ಕೊಳವೆಗಳು ಕಾರಿನ ಕಿಟಕಿಯಿಂದ ಮೂತಿ ಹೊರಗೆ ಹಾಕಿಕೊಂಡು ಬರುತ್ತಿದ್ದವು.

ಮಧ್ಯಾಹ್ನ ಊಟವಾದ ಮೇಲೆ ಕನ್ನಡಿಗಳ ಪರೀಕ್ಷೆ. ಹಳೆಯ ಕೋಳಿಗೂಡಿನ ಶೆಡ್ಡಿಗೆ ಕಪ್ಪು ಬಟ್ಟೆ ಕಟ್ಟಿ ಕತ್ತಲೆ ಮಾಡಿರುತ್ತಿದ್ದರು. ಸಣ್ಣ ಬೆಳಕೊಂದನ್ನು ಕನ್ನಡಿಯ ಮೇಲೆ ಬಿಟ್ಟು, ಅದು ತಿರುಗಿ ಬರುವ ದಾರಿಗೆ ಬ್ಲೇಡಿನ ಅಂಚನ್ನು ಅಡ್ಡ ಹಿಡಿದು ನೋಡಿದರೆ ಕನ್ನಡಿಯ ಉಬ್ಬು ತಗ್ಗುಗಳೆಲ್ಲ ಗುಡ್ಡ ಕಣಿವೆಗಳ ಹಾಗೆ ಕಾಣಿಸುತ್ತವೆ. ಮಾಡಿದವನ ಅವಸರವೆಲ್ಲ ಅಲ್ಲಿ ಬಯಲಾಗುತ್ತದೆ. ನನ್ನ ಮೊದಲ ಕನ್ನಡಿ ಅಂಥದ್ದು. ಎಲ್ಲರೂ ಒಬ್ಬೊಬ್ಬರಾಗಿ ಇಣುಕಿ ಮುಖ ಗಂಟಿಕ್ಕಿದರು. ಟೀಚರು ಇಣುಕಿ, "ಛೆ, ತಪ್ಪು ನಂದು. ಪಕ್ಕದಲ್ಲೇ ಒಲೆ ಉರಿಸಿದ್ದೇನೆ, ಗಾಳಿ ಬಿಸಿಯಾಗಿದೆ. ಈಗ ಯಾರ ಕನ್ನಡಿಯೂ ಸರಿ ಕಾಣುದಿಲ್ಲ," ಎಂದು ಪರೀಕ್ಷೆಯನ್ನೇ ಮುಂದೂಡಿದರು. ಸಂಜೆ ಚಹಾ ಕೊಡುವ ನೆವದಲ್ಲಿ ನನ್ನನ್ನು ಅಡುಗೆಮನೆಗೆ ಕರೆದರು. "ಅಂಚು ಕುಸಿದಿದೆ ಸದಾಶಿವ. ಪುನಃ ಉಜ್ಜಬೇಕು. ಗಾಜಿಗೆ ಅವಸರ ಇಲ್ಲ, ನಿನಗೆ ಯಾವ ಬಸ್ಸು ಹಿಡೀಲಿಕ್ಕುಂಟು?"

ಅವರ ಒಲೆ ಎಷ್ಟು ಜನರ ಕೆಟ್ಟ ಕನ್ನಡಿಗಳ ತಪ್ಪನ್ನು ಹೊತ್ತುಕೊಂಡಿತೋ ಲೆಕ್ಕವಿಲ್ಲ. ಅನ್ನ ಮುದ್ದೆಯಾದರೆ ತಪ್ಪು ಅವರದು, ಮೋಡ ಕವಿದರೂ ಅವರದೇ. "ಬೇರೆ ವಾರ ಇಡಬೇಕಿತ್ತು, ನನಗೆ ತಲೆ ಇಲ್ಲ," ಎಂದು ಪ್ರತಿಯೊಬ್ಬರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದರು. ನಮಗದು ತಮಾಷೆ. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಯಾರ ಕೆಲಸ ಕೆಟ್ಟರೂ "ತಪ್ಪು ಟೀಚರದ್ದು" ಎಂದು ಬರೆಯುವುದು ರೂಢಿಯಾಗಿಬಿಟ್ಟಿತ್ತು.

ನಾನು ಉಪ್ಪಳದ ಕಡೆ ಕರೆಂಟ್ ಆಫೀಸಿನಲ್ಲಿ ನೌಕರ. ಅದು ಟೀಚರಿಗೆ ಮುಗಿಯದ ಮೋಜು. "ಹಗಲಿಡೀ ಊರಿಗೆಲ್ಲ ಲೈಟ್ ಕೊಡುದು, ಇಲ್ಲಿಗೆ ಬಂದು ಲೈಟ್ ಜಾಸ್ತಿಯಾಯ್ತು ಅಂತ ಬೊಬ್ಬೆ ಹಾಕುದು, ಎಂಥ ಜನ ಮಾರಾಯ ನೀನು!"

ಅವರ ಗಂಡ ಅಲೆಕ್ಸ್ ಮೆಲುಮಾತಿನ ಮನುಷ್ಯ. ಕೂಟದ ದಿನ ಜಗಲಿಯಲ್ಲಿ ಕುಳಿತು ಬಂದವರಿಗೆಲ್ಲ ಕೈ ಎತ್ತುತ್ತಿದ್ದರು. ಕೊನೆಯ ವರ್ಷಗಳಲ್ಲಿ ಮೂತ್ರಪಿಂಡ ಕೆಟ್ಟು ವಾರವಾರ ಡಯಾಲಿಸಿಸ್ಸಿಗೆ ಮಂಗಳೂರಿಗೆ ಹೋಗಬೇಕಾಯಿತು. ಕೊರೋನಾ ಬಂದ ಮರುವರ್ಷ ತೀರಿಕೊಂಡರು. ಕೂಟ ಆಗ ನಿಂತಿತ್ತು. ಮತ್ತೆ ಶುರುವಾದದ್ದು ಎಲ್ಲ ಶಾಂತವಾದ ಮೇಲೆ.

ಆ ವರ್ಷ ನಾವು ಉತ್ಸಾಹದಿಂದ ಬಂದೆವು. ಟೀಚರು ಮೀನು ಸಾರು, ಸಣ್ಣಗೆ ಹೆಚ್ಚಿದ ಬೀನ್ಸಿನ ಪಲ್ಯ ಎಲ್ಲ ಮಾಡಿಸಿದ್ದರು. ಆದರೆ ಬಂದವರ ಕಣ್ಣಿಗೆ ಕಣ್ಣು ಕೊಡುತ್ತಿರಲಿಲ್ಲ. ಪಾರೆಗೆ ತಾಗಿದ ಜಾಗದ ಸುತ್ತ ಎತ್ತರದ ಬಲೆ ಕಟ್ಟಿದ್ದನ್ನು ನಾವು ಕಂಡಿದ್ದೆವು. ಕೋಳಿ ಫಾರ್ಮ್ ಏನೋ ಎಂದುಕೊಂಡಿದ್ದೆವು. ಕತ್ತಲೆ ಕವಿಯಿತು. ಕೊಳವೆಗಳನ್ನು ಸಾಲಾಗಿ ನಿಲ್ಲಿಸಿ, ಯಾರೋ ಗುರುಗ್ರಹ ಸಿಕ್ಕಿತು ಎಂದು ಕೂಗುವಷ್ಟರಲ್ಲಿ ಬಲೆಯ ಕಂಬಗಳ ತುದಿಯಲ್ಲಿ ದೀಪಗಳು ಹತ್ತಿಕೊಂಡವು. ಬಿಳಿ ಬೆಳಕು ಧೊಪ್ಪನೆ ಪಾರೆಯ ಮೇಲೆ ಬಿತ್ತು. ನಮ್ಮ ಒಬ್ಬೊಬ್ಬರ ನೆರಳೂ ನಾಲ್ಕು ನಾಲ್ಕಾಯಿತು. ನಕ್ಷತ್ರಗಳೆಲ್ಲ ಅಳಿಸಿಹೋದವು. ಬಲೆಯ ಒಳಗೆ ಹುಡುಗರು ಕೂಗುತ್ತಾ ಫುಟ್ಬಾಲ್ ಆಡಲು ಇಳಿದರು.

ಮಂಗಳೂರಿನಿಂದ ಬಂದಿದ್ದ ಹಿರಿಯ ಸದಸ್ಯರೊಬ್ಬರು ಸಿಡುಕಿದರು. "ಟೀಚರ್, ಎಂತ ಇದು? ಯಾರು ಮಾಡಿದ್ದು?"

"ಊರಿನ ಮಕ್ಕಳು ಮಾಡಿದ್ದು, ಫುಟ್ಬಾಲ್ ಟರ್ಫ್. ಜಾಗ ಮೈದುನನದ್ದು. ಅವನು ಮುಂಬೈಯಲ್ಲಿ ಇರುದು. ಅತ್ತಿಗೆ ಒಪ್ಪಿದ್ರೆ ಕೊಡ್ತೇನೆ ಅಂತ ಹೇಳಿದ," ಎಂದರು ಟೀಚರು. "ನಾನು ಒಪ್ಪಿದೆ."

"ಲೈಟ್ ಬರ್ತದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಕೆಲಸ ಮುಗಿಸಿ ಬರುವ ಮಕ್ಕಳು. ಲೈಟ್ ಇಲ್ಲದೆ ಅವರು ಆಡುದು ಯಾವಾಗ?"

ಯಾರೋ ನನ್ನ ಕಡೆ ತಿರುಗಿ, ನಿನ್ನ ಇಲಾಖೆಯಲ್ಲವೇ, ಫೋನು ಮಾಡಿ ಒಂದೆರಡು ಗಂಟೆ ಕರೆಂಟ್ ತೆಗೆಸಿಬಿಡು ಎಂದರು. ನಾನು ಫೋನನ್ನು ಕಿಸೆಯಿಂದ ತೆಗೆದದ್ದು ಹೌದು. ಟೀಚರು ಹತ್ತಿರ ಬಂದು ನನ್ನ ಮುಂಗೈ ಹಿಡಿದರು. "ಅದು ಮಾತ್ರ ಬೇಡ ಸದಾಶಿವ. ಹೊರಗಿನ ಟೀಮು ಬಂದಿದೆ, ಇವತ್ತು ಅವರಿಗೆ ಮ್ಯಾಚು ಉಂಟು. ನೀವೆಲ್ಲ ನನಗೆ ಬಯ್ಯಿರಿ. ತಪ್ಪು ನಂದು."

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿ. ಸುಮ್ಮನೆ ಬಡಿಸಿಕೊಂಡು ಉಂಡೆವು. ಸಾರಿನಲ್ಲಿದ್ದ ಮೀನಿನ ಸಣ್ಣ ಮುಳ್ಳೂ ಕಾಣುವಷ್ಟು ಬೆಳಕಿತ್ತು. ಟೀಚರು ಸೌಟು ಹಿಡಿದು ತಟ್ಟೆಯಿಂದ ತಟ್ಟೆಗೆ ಹೋಗುತ್ತಾ, "ಇನ್ನು ಸ್ವಲ್ಪ ಹಾಕ್ಲಾ?" ಎಂದು ಕೇಳುವಾಗ ನಾವು ತಲೆ ಎತ್ತದೆ ಕೈ ಅಡ್ಡ ಹಿಡಿದೆವು. ಊಟ ಮುಗಿದದ್ದೇ ಕೊಳವೆಗಳನ್ನು ಕಾರಿಗೆ ತುಂಬಿಸಿದೆವು.

ಮುಂದಿನ ಕೂಟವನ್ನು ದೇಲಂಪಾಡಿಯಲ್ಲಿ, ಕಾಡಿನ ಅಂಚಿನಲ್ಲಿರುವ ಸ್ನೇಹಿತರೊಬ್ಬರ ರಬ್ಬರ್ ತೋಟದ ಬಯಲಿನಲ್ಲಿ ಇಡುವುದೆಂದು ತೀರ್ಮಾನವಾಯಿತು. ಟೀಚರಿಗೆ ತಿಳಿಸುವ ಕೆಲಸ ನನಗೆ ಬಿತ್ತು. ಹೋಗಿ ಹೇಳಿದೆ.

"ಒಳ್ಳೇದಾಯ್ತು," ಎಂದರು. ಚಹಾ ಕೊಟ್ಟರು. ಖಾಲಿ ಲೋಟ ತೆಗೆಯುತ್ತಾ, ನಾನು ಕೇಳದೆಯೇ ಹೇಳಿದರು. "ಆ ಕೊರೋನಾ ವರ್ಷ ತಲಪಾಡಿಯಲ್ಲಿ ಗಡಿ ಮುಚ್ಚಿತಲ್ಲ, ಮಂಗಳೂರಿಗೆ ಹೋಗ್ಲಿಕ್ಕೆ ಆಗ್ಲಿಲ್ಲ. ಡಯಾಲಿಸಿಸ್ ಇಲ್ಲದೆ ಅಲೆಕ್ಸ್ ಬಾತುಹೋಗಿದ್ದರು. ಈ ಟರ್ಫಿನ ಮಕ್ಕಳೇ ಅವರನ್ನು ಎತ್ತಿ ಕಾರಿಗೆ ಹಾಕಿ ಕಣ್ಣೂರಿನ ಕಡೆ ಆಸ್ಪತ್ರೆಗೆ ಕರ್ಕೊಂಡು ಹೋದದ್ದು. ಒಂದು ಸಲ ಅಲ್ಲ, ಗಡಿ ತೆರೆಯುವವರೆಗೂ. ಯಾರೂ ಯಾರನ್ನೂ ಮುಟ್ಟಲಿಕ್ಕೆ ಹೆದರುವ ಕಾಲ. ಆ ನೌಫಲ್, ಅವರ ಕ್ಯಾಪ್ಟನ್, ಕುಂಬಳೆಯಲ್ಲಿ ಮೊಬೈಲ್ ಅಂಗಡಿ ಇರುವವ, ಅಲೆಕ್ಸರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಕೊಳ್ತಿದ್ದ. ಅವ ಬಂದು ಜಾಗ ಕೇಳಿದಾಗ ಇಲ್ಲ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರ್ಲಿಲ್ಲ."

"ಇದನ್ನು ಅವತ್ತೇ ಹೇಳಬಹುದಿತ್ತಲ್ಲ ಟೀಚರ್?"

"ಹೇಳಿದ್ರೆ ನಿಮಗೆಲ್ಲ ಬೇಜಾರಾಗ್ತಿತ್ತು. ನೀವು ಯಾರೂ ಬರ್ಲಿಲ್ಲ ಅಂತ ನಾನು ಹೇಳಿದ ಹಾಗೆ ಆಗ್ತಿತ್ತು."

ನಾವು ಯಾರೂ ಹೋಗಿರಲಿಲ್ಲ. ಹೋಗುವ ಸಾಧ್ಯತೆಯೂ ಇರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಬಹುದು. ಆದರೆ ಗಂಡ ಹೇಗಿದ್ದಾರೆ ಎಂದು ಒಂದು ಫೋನು ಮಾಡಿ ಕೇಳುವುದಕ್ಕೆ ಯಾವ ಗಡಿಯೂ ಅಡ್ಡ ಇರಲಿಲ್ಲ. ಆ ಬೇಸಗೆ, ಮಳೆಗಾಲವೆಲ್ಲ ನಾವು ಗ್ರೂಪಿನಲ್ಲಿ ಚಂದ್ರನ, ಧೂಮಕೇತುವಿನ ಫೋಟೋ ಹಾಕುತ್ತಾ ಕುಳಿತಿದ್ದೆವು. ಟೀಚರು ಒಂದೊಂದಕ್ಕೂ ತಪ್ಪದೆ ಹೂವಿನ ಚಿತ್ರ ಕಳಿಸುತ್ತಿದ್ದರು.

ದೇಲಂಪಾಡಿಯ ಮೊದಲ ಕೂಟಕ್ಕೆ ಅವರನ್ನು ನಾನೇ ಕರೆದುಕೊಂಡು ಹೋದೆ. ದಾರಿಯ ತಿರುವುಗಳಲ್ಲಿ ಅವರಿಗೆ ವಾಂತಿ ಬಂದು ಎರಡು ಕಡೆ ಕಾರು ನಿಲ್ಲಿಸಬೇಕಾಯಿತು. ಅಲ್ಲಿಯ ಆಕಾಶ ನಿಜಕ್ಕೂ ಕಪ್ಪು. ಎಲ್ಲರೂ ಹಿಗ್ಗಿದ್ದರು. ಟೀಚರು ಮಾತ್ರ ಯಾವ ಕೊಳವೆಗೂ ಕಣ್ಣಿಡದೆ, "ಇಷ್ಟು ದೂರ ನಿಮ್ಮನ್ನು ಓಡಿಸಿದೆ," ಎಂದು ಒಬ್ಬೊಬ್ಬರ ಬಳಿಯೂ ಹೇಳುತ್ತಾ ಹೋದರು. "ಪರವಾಗಿಲ್ಲ ಟೀಚರ್," ಎಂದೆವು. ನಡೆದದ್ದನ್ನೆಲ್ಲ ನಾನು ಇಬ್ಬರು ಮೂವರಿಗೆ ಹೇಳಿದೆ. ಅವರೂ ತಲೆ ತಗ್ಗಿಸಿದರು. ಆದರೆ ಟೀಚರ ಎದುರು ಹೋಗಿ, ತಪ್ಪು ನಿಮ್ಮದಲ್ಲ ಎಂದು ಹೇಳುವಷ್ಟು ಮಾತು ನಮ್ಮಲ್ಲಿ ಯಾರಿಗೂ ಬರಲಿಲ್ಲ. ಮರುವರ್ಷ ಕರೆದಾಗ ಟೀಚರು ಬೆನ್ನುನೋವು ಎಂದರು. ನಾನು ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ, ಅವರು ಬಾರದೆ ಇದ್ದದ್ದು ನಮಗೆಲ್ಲ ಒಳಗೊಳಗೇ ಹಗುರವಾಗಿತ್ತು.

ಕಳೆದ ಬಾರಿಯ ಕೂಟಕ್ಕೆ ಕರೆಯಲು ಹೋದಾಗ ಮನೆಗೆ ಬೀಗವಿತ್ತು. ಟರ್ಫಿನ ಬಲೆಗೆ ತಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆಟ ನೋಡುತ್ತಾ ಕುಳಿತಿದ್ದರು. ಬಹಳ ಸೊರಗಿದ್ದರು. ಆ ಬೆಳಕಿನಲ್ಲಿ ಅವರ ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. "ಬಾ, ಕೂತ್ಕೊ. ಆ ಗೋಲ್ ಕೀಪರನ್ನು ನೋಡು, ಎಡಕ್ಕೆ ಹಾರ್ಲಿಕ್ಕೆ ಹೆದರ್ತಾನೆ," ಎಂದರು.

ನಾನು ಮನಸ್ಸಿನಲ್ಲಿ ಸಿದ್ಧಮಾಡಿಕೊಂಡು ಬಂದಿದ್ದುದನ್ನು ಹೇಳಿದೆ. "ಟೀಚರ್, ಇನ್ನು ಕೂಟವನ್ನು ಪುನಃ ಇಲ್ಲೇ ಇಡುವ. ಒಂದು ದಿನ ಲೈಟ್ ಆಫ್ ಮಾಡ್ಲಿಕ್ಕೆ ಇವರ ಹತ್ತಿರ ನಾನೇ ಕೇಳ್ತೇನೆ."

"ಬೇಡ," ಎಂದರು ತಟ್ಟನೆ. "ಕೇಳಿದ್ರೆ ಇವರು ಆಫ್ ಮಾಡಿಯಾರು. ಆಮೇಲೆ ಪ್ರತಿ ದಿನ ಲೈಟ್ ಹಾಕುವಾಗ ಟೀಚರಿಗೆ ತೊಂದರೆ ಆಗ್ತದೋ ಅಂತ ನೆನಸ್ತಾರೆ. ಆಡುವಾಗ ಅಂಥದ್ದೆಲ್ಲ ನೆನಪಾಗಬಾರದು." ನನ್ನ ಕಡೆ ತಿರುಗಿ, "ಅಲ್ಲಿ ಆಕಾಶ ಹೇಗುಂಟು?" ಎಂದು ಕೇಳಿದರು.

"ಒಳ್ಳೆದುಂಟು ಟೀಚರ್. ಇಲ್ಲಿಗಿಂತ ಒಳ್ಳೆದು."

"ಹಾಗಾದ್ರೆ ಸಾಕು," ಎಂದು ಆಟದ ಕಡೆ ತಿರುಗಿದರು. ತಪ್ಪು ನಿಮ್ಮದಲ್ಲ ಎಂದು ಹೇಳಲು ಅವರ ಕಡೆ ಬಗ್ಗಿದೆ. ಅಷ್ಟರಲ್ಲಿ ಗೋಲು ಆಯಿತು. ಟೀಚರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಹೊರಟುಬಂದೆ.

ಮಳೆ ಶುರುವಾದ ವಾರವೇ ಅವರು ಹೋದರು. ಗ್ರೂಪಿನಲ್ಲಿ ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಇಗರ್ಜಿಗೆ ಬಂದದ್ದು ನಾನು ಮತ್ತು ಪುತ್ತೂರಿನವರೊಬ್ಬರು. ಅಲ್ಲಿ ನೆರೆಕರೆಯವರ ಜೊತೆ ಟರ್ಫಿನ ಆ ತರುಣರೆಲ್ಲ ನಿಂತಿದ್ದರು, ಮಳೆಗೆ ಒದ್ದೆಯಾದ ಬಿಳಿ ಅಂಗಿಗಳಲ್ಲಿ. ಶವದ ಪೆಟ್ಟಿಗೆಯನ್ನು ಎತ್ತಿದವರು ಅವರೇ. ಹೆಗಲು ಕೊಡಲು ಮುಂದೆ ಹೋದ ನನಗೆ ಎಲ್ಲಿಯೂ ಜಾಗವಿರಲಿಲ್ಲ. ಪಕ್ಕದಲ್ಲೇ ನಡೆದೆ.

ಹೆಗಲು ಕೊಟ್ಟಿದ್ದವನೊಬ್ಬ ನನ್ನ ಮುಖ ನೋಡಿದ. ಗಡ್ಡ ಬಿಟ್ಟ, ಗಟ್ಟಿ ಮೈಯ ಯುವಕ. ನೌಫಲ್ ಇವನೇ ಇರಬೇಕೆಂದುಕೊಂಡೆ. "ನೀವು ಟೆಲಿಸ್ಕೋಪಿನವರಲ್ವಾ ಸಾರ್? ಮೊದ್ಲೆಲ್ಲ ಪಾರೆಗೆ ಬರ್ತಿದ್ರಿ." ಹೌದೆಂದೆ. ಅವನು ತಗ್ಗಿದ ದನಿಯಲ್ಲಿ ಕೇಳಿದ: "ನಮ್ಮ ಲೈಟಿಂದಾಗಿ ನೀವು ಬರುದು ನಿಂತದ್ದಾ? ನಾನು ಟೀಚರ ಹತ್ರ ಎಷ್ಟೋ ಸಲ ಕೇಳಿದ್ದೇನೆ. ಇಲ್ಲ ಮಾರಾಯ, ಅವರಿಗೆ ಕಾಡಿನ ಹತ್ರ ದೊಡ್ಡ ಜಾಗ ಸಿಕ್ಕಿತು, ಅದಕ್ಕೆ ಹೋದದ್ದು ಅಂತ ಹೇಳ್ತಿದ್ರು. ಸತ್ಯವಾ ಸಾರ್?"

ಮಳೆ ಅವನ ಗಡ್ಡದಿಂದ ಇಳಿಯುತ್ತಿತ್ತು. ಉತ್ತರಕ್ಕಾಗಿ ಅವನು ನಿಜವಾಗಿ ಕಾಯುತ್ತಿದ್ದ.

"ಸತ್ಯ," ಎಂದೆ. "ಇಲ್ಲಿ ನಮಗೆ ಜಾಗ ಸಾಕಾಗ್ತಿರಲಿಲ್ಲ."

ಅವನು ಉಸಿರು ಬಿಟ್ಟ. ಹೆಗಲನ್ನು ಮೆಲ್ಲನೆ ಸರಿಸಿ, "ಹಿಡ್ಕೊಳ್ಳಿ ಸಾರ್," ಎಂದು ತನ್ನ ಜಾಗ ಕೊಟ್ಟ.