ಎಲಿಶಪ್ಪ ಪ್ರಾರ್ಥನೆ ನಿಲ್ಲಿಸಿದ್ದು

ಬೆಟಗೇರಿಯ ಕ್ರೈಸ್ತರಲ್ಲಿ ಪ್ರಾರ್ಥನೆ ಎಂದರೆ ಎಲಿಶಪ್ಪ. ಗದಗ–ಲಕ್ಷ್ಮೇಶ್ವರ ಬಸ್ಸಿನ ಡ್ರೈವರನಾದ ಆತನಿಗೆ ದೇವರು ದೊಡ್ಡ ದನಿ ಕೊಟ್ಟಿದ್ದ. ಮನೆ ಕಟ್ಟಿದರೆ, ಮಗು ಹುಟ್ಟಿದರೆ, ಯಾರಾದರೂ ಹಾಸಿಗೆ ಹಿಡಿದರೆ ಆತನನ್ನೇ ಕರೆಯುತ್ತಿದ್ದರು. ಮದುವೆಗಳಲ್ಲಿ ಆತ ಕಣ್ಣು ಮುಚ್ಚಿದ ಕೂಡಲೇ ಅಡುಗೆಯವರು ಅನ್ನದ ಮೇಲೆ ಮತ್ತೆ ಮುಚ್ಚಳ ಹಾಕುತ್ತಿದ್ದರು.

ಹೆಂಡತಿ ಸುಗುಣವ್ವ ತೀರಿಕೊಂಡಾಗಲೂ ಸಮಾಧಿಯ ಬಳಿ ಆತನೇ ಪ್ರಾರ್ಥಿಸಿದ. ದನಿ ಎಲ್ಲಿಯೂ ನಡುಗಲಿಲ್ಲ. ಎಂಥ ವಿಶ್ವಾಸ ಎಂದು ಜನ ಹೊಗಳಿದರು. ಮನೆಗೆ ಬಂದು ಮಂಚದ ಮೇಲೆ ಕುಳಿತಾಗ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮರುದಿನವೂ ಹಾಗೆಯೇ. ಜನರಿದ್ದರೆ ಪ್ರಾರ್ಥನೆ ಬರುತ್ತಿತ್ತು; ಒಬ್ಬನೇ ಇದ್ದರೆ ಇಲ್ಲ.

ಒಮ್ಮೆ ಆಸ್ಪತ್ರೆಯಲ್ಲಿ ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿರುವಾಗ ಅದು ಯಾರ ತಲೆ ಎಂಬುದೇ ಮರೆತುಹೋಯಿತು. ಪ್ರಾರ್ಥನೆ ಮಾತ್ರ ನಿಲ್ಲಲಿಲ್ಲ. ಕೊನೆಗೆ ಎಲ್ಲರೂ ಆಮೆನ್ ಅಂದರು. ರೋಗಿಯ ಮಗಳು ಕಣ್ಣೊರೆಸಿಕೊಂಡು ಕೈಮುಗಿದಳು. ಎಲಿಶಪ್ಪನಿಗೆ ಹೆದರಿಕೆಯಾಯಿತು.

ಸಭಾಪಾಲಕರಿಗೆ ಹೇಳಲು ನಾಚಿಕೆ. ರಜೆಯ ದಿನ, ತನ್ನ ಬಸ್ಸಿನ ದಾರಿಯಲ್ಲೇ ಇರುವ ಮುಳಗುಂದಕ್ಕೆ ಹೋದ. ಅಲ್ಲಿದ್ದ ಮರಿಯವ್ವ ನಿವೃತ್ತ ನರ್ಸು. ಒಳಗಿನ ತೊಡಕು ಹೇಳಿಕೊಳ್ಳಲು ಕೆಲವರು ಅವರ ಬಳಿ ಹೋಗುತ್ತಿದ್ದರು. ಅವರು ಹೆಚ್ಚು ಮಾತಾಡುವುದಿಲ್ಲ ಎಂಬುದೇ ಕಾರಣ. ಶೇಂಗಾ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು.

“ಸುಗುಣವ್ವ ಹೋದಾಗ ದೇವರಿಗೆ ಏನ ಅನ್ನಬೇಕಂತ ಇತ್ತು?”

“ಸಿಟ್ಟು ಬಂದಿತ್ರಿ.”

“ಅದನ್ನ ದೇವರಿಗೆ ಅಂದಿಯೇನು?”

“ಜನಾ ಇದ್ರಲ್ರಿ.”

“ಈಗ ಇಲ್ಲ. ನಾನೂ ಚಾ ಮಾಡಾಕ ಹೋಗ್ತೀನಿ. ನನ್ನ ಚಾ ತಡಾ ಆಗ್ತೈತಿ.”

ಖಾಲಿ ಪಡಸಾಲೆಯಲ್ಲಿ ಕುಳಿತು ಎಲಿಶಪ್ಪ ದೇವರಿಗೆ ಬೈದ. ಬಸ್ ನಿಲ್ದಾಣದಲ್ಲಷ್ಟೇ ಆಡುವ ಮಾತುಗಳೂ ಅದರಲ್ಲಿದ್ದವು. ಆಮೇಲೆ ಅತ್ತ. ಮರಿಯವ್ವ ಚಾ ತಂದುಕೊಟ್ಟರು. ಕ್ರಿಸ್‌ಮಸ್ ತನಕ ಮಂದಿಯ ಮುಂದೆ ಪ್ರಾರ್ಥಿಸಬೇಡ, ಮುಂಜಾನೆ ಬೈಬಲಿನ ಒಂದು ಕೀರ್ತನೆ ನಿಧಾನವಾಗಿ ಓದಿ ಸುಮ್ಮನೆ ಕುಳಿತುಕೋ, ತಿಂಗಳಿಗೊಮ್ಮೆ ಬಾ ಎಂದಷ್ಟೇ ಹೇಳಿದರು.

ಭಾನುವಾರ ಸಭಾಪಾಲಕರು ಪ್ರಾರ್ಥಿಸಲು ಕರೆದಾಗ ಎಲಿಶಪ್ಪ ಕುಳಿತಲ್ಲಿಂದಲೇ ಬೇಡವೆಂದು ಕೈಯಾಡಿಸಿದ. ಆರೋಗ್ಯ ಸರಿಯಿಲ್ಲ ಎಂದರು ಕೆಲವರು, ವಿಶ್ವಾಸ ಹೋಯಿತು ಎಂದರು ಕೆಲವರು. ಆರಾಧನೆ ಬೇಗ ಮುಗಿಯತೊಡಗಿತು. ಅದಕ್ಕೆ ಯಾರೂ ಬೇಸರಪಟ್ಟಂತೆ ಕಾಣಲಿಲ್ಲ. ಇದು ಆತನಿಗೆ ಬಹಳ ನೋವು ಮಾಡಿತು.

“ನಾ ಇಲ್ದನೂ ಎಲ್ಲಾ ನಡೀತೈತ್ರಿ,” ಎಂದ ಮುಂದಿನ ತಿಂಗಳು ಮರಿಯವ್ವನ ಮುಂದೆ.

“ಅದನ್ನೂ ದೇವರಿಗೆ ಹೇಳು.”

“ಅದೇನ ಹೇಳೋ ಮಾತೇನ್ರಿ?”

“ಮತ್ತ ನನಗ್ಯಾಕ ಹೇಳಿದಿ?”

ಹೇಳಿದ. ಕೆಲವು ಮುಂಜಾನೆ ಮಾತು ಬರುತ್ತಿತ್ತು, ಕೆಲವು ಮುಂಜಾನೆ ನಿದ್ದೆ ಬರುತ್ತಿತ್ತು. ಆದರೆ ಎದುರಿಗೆ ಯಾರೋ ಇದ್ದಾರೆ ಎಂಬುದು ಮರಳಿ ಗೊತ್ತಾಗತೊಡಗಿತು. ಹೆಂಡತಿಯ ಹೆಸರು ಹಿಡಿದು ಮಾತಾಡಲೂ ಸಾಧ್ಯವಾಯಿತು.

ಕ್ರಿಸ್‌ಮಸ್ ಕಳೆದ ಮೇಲೆ ಜನ ಮತ್ತೆ ಕರೆದರು. ಈಗ ಆತ ಮೊದಲು ರೋಗಿಯ ಪಕ್ಕ ಕುಳಿತು ಅವರು ಹೇಳುವುದನ್ನೆಲ್ಲ ಕೇಳುತ್ತಾನೆ. ಪ್ರಾರ್ಥನೆ ನಾಲ್ಕು ಮಾತಿನಲ್ಲಿ ಮುಗಿಯುತ್ತದೆ. ಮುಂಚಿನಂತಿಲ್ಲ ಎಂದು ಹಿರಿಯರು ದೂರುತ್ತಾರೆ. ಮುಳಗುಂದಕ್ಕೆ ಹೋಗುವುದನ್ನು ಆತ ಬಿಟ್ಟಿಲ್ಲ. ಒಬ್ಬನೇ ಕುಳಿತರೆ ತನಗೆ ತಾನೇ ಸುಳ್ಳು ಹೇಳಿಕೊಳ್ಳುವುದು ಸುಲಭ, ಮರಿಯವ್ವನ ಮುಂದೆ ಕಷ್ಟ ಎನ್ನುತ್ತಾನೆ.

ಕಳೆದ ತಿಂಗಳು ಆರಾಧನೆ ಮುಗಿದ ಮೇಲೆ ಸಭಾಪಾಲಕರು ಆತನನ್ನು ಬೇವಿನ ಮರದ ಕಡೆ ಕರೆದರು.

“ಆ ಮರಿಯವ್ವಾರು ಯಾವಾಗ ಮನ್ಯಾಗ ಸಿಗ್ತಾರಪಾ?”

“ಯಾರಿಗ್ರಿ, ಅಯ್ಯಾರ?”

ಸಭಾಪಾಲಕರು ಬೇವಿನ ಮರ ನೋಡಿದರು. “ಹಂಗ ಕೇಳಿದೆ.”

“ಶನಿವಾರ ಹೋಗ್ರಿ,” ಎಂದ ಎಲಿಶಪ್ಪ. “ಮುಂಜಾನಿ ಬಸ್ಸಿಗೆ ಬಂದ್ರ ನಾನ ಇಳಿಸ್ತೀನಿ.”