ಮುಚ್ಚಿದ ಪುಸ್ತಕ, ಅತ್ತೆಯ ಕಿವಿ

ನನ್ನ ಅತ್ತೆಯಷ್ಟು ಅನುಮಾನದ ಹೆಂಗಸನ್ನು ನಾನು ಕಂಡಿಲ್ಲ. ಹಾಲಿನವನು ಅಳೆದು ಹಾಕಿದ ಮೇಲೆ ಪಾವನ್ನು ತಿರುಗಿಸಿ ಅದರ ತಳ ನೋಡುತ್ತಿದ್ದಳು. ಇಸ್ತ್ರಿಗೆ ಬಂದ ಪ್ರತಿ ಅಂಗಿಯ ಗುಂಡಿಗಳನ್ನು ಗಿರಾಕಿಯ ಎದುರಿಗೇ ಎಣಿಸಿ, "ಐದೇ ಇದಾವೆ. ಆಮೇಲೆ ಆರಿತ್ತು ಅಂತ ಬರಬೇಡಿ" ಎನ್ನುತ್ತಿದ್ದಳು. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು" ಅನ್ನುವ ಗಾದೆಯನ್ನು ದಿನಕ್ಕೊಂದು ಸಲವಾದರೂ ಯಾರ ಮುಖಕ್ಕಾದರೂ ಎಸೆಯದೆ ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ, ಅಪ್ಪನ ಅಕ್ಕ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅವಳ ಇಸ್ತ್ರಿ ಮೇಜು, ಒಳಕೋಣೆಯಲ್ಲಿ ನನ್ನ ಚಾಪೆ ಮತ್ತು ಪುಸ್ತಕ. ನಡುವೆ ಒಂದು ಪರದೆ. ಅವಳಿಗೆ ಒಂದಕ್ಷರವೂ ಬರದು. ಹಾಗಾಗಿ ನನ್ನ ಓದನ್ನು ಕಿವಿಯಿಂದ ಕಾಯುತ್ತಿದ್ದಳು. ದನಿ ನಿಂತರೆ ಸಾಕು, ಪರದೆಯಾಚೆಯಿಂದ "ಏನೇ, ನಾಲಿಗೆ ಬಿದ್ದುಹೋಯ್ತಾ?" ಎಂಬ ಕೂಗು. ನಿನ್ನೆಯ ಪಾಠವನ್ನೇ ಇವತ್ತು ಓದಿದರೂ ಹಿಡಿದುಬಿಡುತ್ತಿದ್ದಳು. "ಇದು ಹಳೇದು. ಮುಂದಿಂದು ಓದು."

ಆ ಕಿವಿಗೆ ನಾನು ಎಷ್ಟು ಸುಲಭವಾಗಿ ಮೋಸ ಮಾಡಿದ್ದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ದಿನಕ್ಕೊಂದು ಹೊಸ ಪಾಠವನ್ನು ಗಂಟಲು ಹರಿಯುವಂತೆ ಓದುತ್ತಿದ್ದೆ, ಮನಸ್ಸು ಮಾತ್ರ ಊರೆಲ್ಲ ಸುತ್ತುತ್ತಿತ್ತು. ಬರೀ ಗಿಳಿಪಾಠ. ಕಾಲೇಜಿನ ಮೊದಲ ವರ್ಷ ಭೌತಶಾಸ್ತ್ರದಲ್ಲಿ ಮಕಾಡೆ ಮಲಗಿದೆ. ಅತ್ತೆಯ ಅನುಮಾನವೆಲ್ಲ ಪೇಪರು ತಿದ್ದಿದವರ ಮೇಲೆ. "ದಿನಾ ಓದಿದಾಳೆ, ನಾನೇ ಸಾಕ್ಷಿ. ಆ ಮೇಷ್ಟ್ರು ಕಣ್ಮುಚ್ಕೊಂಡು ತಿದ್ದಿರಬೇಕು" ಎಂದು ಬೀದಿಗೆಲ್ಲ ಸಾರಿದಳು. ಅಪ್ಪ ಬೇರೆ ಊರಲ್ಲಿ ಕೆಲಸದಲ್ಲಿದ್ದ, ಶನಿವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅವನು ಒಂದೇ ಮಾತು ಹೇಳಿದ: "ಇನ್ನೊಂದು ಸಲ ಫೇಲಾದ್ರೆ ಕಾಲೇಜು ಸಾಕು. ಅಕ್ಕನ ಜೊತೆ ಮೇಜಿಗೆ ನಿಲ್ಲು."

ನನಗೆ ಹೆದರಿಕೆಯಾಯಿತು. ಆ ಮೇಜು ನನಗೆ ಬೇಡವಾಗಿತ್ತು, ಕಾಲೇಜು ಬೇಕಾಗಿತ್ತು. ಭೌತಶಾಸ್ತ್ರದ ಮೇಡಂ ಹತ್ತಿರ ಹೋಗಿ ಕಣ್ಣೀರು ಹಾಕಿದೆ. ಅವರು ನನ್ನ ಕೈಯಲ್ಲಿದ್ದ ಪುಸ್ತಕ ಕಿತ್ತುಕೊಂಡು ಮುಚ್ಚಿದರು. "ನಿನ್ನೆ ಓದಿದ ಪುಟದಲ್ಲಿ ಏನಿದೆ, ಹೇಳು." ಮೊದಲ ಸಾಲು ಹೇಳಿ, ಎರಡನೆಯದಕ್ಕೆ ಪುಸ್ತಕದತ್ತ ಕೈ ಚಾಚಿದೆ. "ನೋಡಿದ್ಯಾ? ಒಂದು ಪುಟ ಓದು, ಮುಚ್ಚು, ನೆನಪಿಸ್ಕೋ, ಚೀಟೀಲಿ ಬರಿ. ಆಮೇಲೆ ತೆಗೆದು ನೋಡು. ಬರೆಯೋಕೆ ಆಗ್ದೇ ಇದ್ದದ್ದು ನಿನಗೆ ಗೊತ್ತಿಲ್ಲ ಅಂತ ಲೆಕ್ಕ. ಮೊಬೈಲು ಇನ್ನೊಂದು ಕೋಣೇಲಿರಲಿ."

ಹಾಗೆ ನಮ್ಮ ಮನೆಯಲ್ಲಿ ಓದು ಮೌನವಾಯಿತು, ಅತ್ತೆಯ ನಿದ್ದೆ ಕೆಟ್ಟಿತು.

ಮೊದಲ ದಿನ ಪರದೆ ಸರಿಸಿ ನೋಡಿದಳು. ಪುಸ್ತಕ ಮುಚ್ಚಿದೆ, ನಾನು ಗೋಡೆ ನೋಡುತ್ತಿದ್ದೇನೆ. ಎರಡನೆಯ ದಿನ ನಾನು ನೋಡುತ್ತಿದ್ದ ಗೋಡೆಯ ಹತ್ತಿರ ಹೋಗಿ, ಅಲ್ಲಿಂದ ಯಾರ ಮನೆಯ ಕಿಟಕಿಯಾದರೂ ಕಾಣುತ್ತದೆಯೇ ಎಂದು ತಾನೂ ಕೂತು ನೋಡಿದಳು. ಮೂರನೆಯ ದಿನ ಚಾಪೆಯಡಿಯ ಚೀಟಿಗಳೆಲ್ಲ ಮಾಯ. ಅವನ್ನು ಸೆರಗಿಗೆ ಕಟ್ಟಿಕೊಂಡು ಎದುರಿನ ಔಷಧಿ ಅಂಗಡಿಯವನ ಹತ್ತಿರ ಓದಿಸಿಕೊಂಡು ಬಂದಿದ್ದಳು. ಪ್ರೇಮಪತ್ರ ಸಿಗುತ್ತದೆಂದು ಹೋದವಳಿಗೆ ನೀರು ಕುದಿಯುವ ವಿಚಾರ ಸಿಕ್ಕಿತು. ಅದರಿಂದ ಅನುಮಾನ ಇಳಿಯಲಿಲ್ಲ, ಏರಿತು. "ನೀರು ಕುದಿಯೋದನ್ನ ಯಾರಾದ್ರೂ ಬರೆದು ಬಚ್ಚಿಡ್ತಾರಾ? ಏನೋ ಗುಟ್ಟಿದೆ ಕಣೇ."

ಶನಿವಾರ ಅಪ್ಪ ಚಪ್ಪಲಿ ಬಿಡುವಷ್ಟರಲ್ಲಿ ವರದಿ ಒಪ್ಪಿಸಿದಳು. "ಬಾಯಿಗೆ ಬೀಗ ಹಾಕ್ಕೊಂಡು ಕೂತಿರ್ತಾಳೆ. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ ಹಾಗೆ."

"ಮುಂದಿನ ಶನಿವಾರದ ತನಕ ನೋಡ್ತೀನಿ" ಎಂದ ಅಪ್ಪ. "ಹೀಗೇ ಇದ್ರೆ ಪರೀಕ್ಷೆಯೂ ಬೇಡ, ಏನೂ ಬೇಡ."

ನನಗೆ ಸಿಟ್ಟು ನೆತ್ತಿಗೇರಿತು. ಅಪ್ಪ ಸ್ನಾನಕ್ಕೆ ಹೋದದ್ದೇ ಅತ್ತೆಯ ಮೇಲೆ ಹರಿಹಾಯ್ದೆ. "ನನ್ನ ಮೇಲೆ ಯಾಕತ್ತೆ ನಿಂಗೆ ಇಷ್ಟು ಅನುಮಾನ?"

ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು. "ನಿಮ್ಮಪ್ಪ ನಾಲ್ಕನೇ ಕ್ಲಾಸಲ್ಲಿದ್ದಾಗ ನಾನು ಈ ಮೇಜಿಗೆ ನಿಂತೆ. ಅವನು ಓದಲಿ ಅಂತ. ದಿನಾ ಸಂಜೆ ಇಲ್ಲೇ ಕೂತು ಜೋರಾಗಿ ಓದೋನು. ನಂಗೆ ಎಷ್ಟು ಹಿಗ್ಗು! ವರ್ಷದ ಕೊನೇಲಿ ಫೇಲು. ಆಮೇಲೆ ಮೇಷ್ಟ್ರು ಹೇಳಿದ್ರು, ಇಡೀ ವರ್ಷ ಅವನು ಓದಿದ್ದು ಒಂದೇ ಪುಟ ಅಂತ. ನಂಗೇನು ಗೊತ್ತು? ಪುಸ್ತಕ ಅಂದ್ರೆ ಹಾಗೇ ಇರುತ್ತೆ ಅಂದ್ಕೊಂಡಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನಂಗಿರೋದು ಕಿವಿ ಒಂದೇ ಕಣೇ. ನೀನೂ ಬಾಯ್ಮುಚ್ಕೊಂಡ್ರೆ ನಾನೇನು ಮಾಡ್ಲಿ?"

ನನ್ನ ಸಿಟ್ಟು ಜರ್ರನೆ ಇಳಿಯಿತು. ಅವಳನ್ನು ನೋಡಿ ಅಯ್ಯೋ ಅನ್ನಿಸಿತು. "ಸರಿ, ದಿನಾ ಓದಿದ ಮೇಲೆ ಪುಸ್ತಕ ಇಲ್ಲದೆ ನಿಂಗೆ ಹೇಳ್ತೀನಿ. ನೀನೇ ಪರೀಕ್ಷೆ ಮಾಡು" ಎಂದೆ.

ಭಾನುವಾರ ಮೇಜಿನ ಪಕ್ಕ ನಿಂತು ಶುರುಮಾಡಿದೆ. ನೀರು ಕುದಿಯುವವರೆಗೂ ಅದರ ಬಿಸಿ ಏರುತ್ತದೆ, ಕುದಿಯತೊಡಗಿದ ಮೇಲೆ ಎಷ್ಟು ಉರಿ ಕೊಟ್ಟರೂ ಏರುವುದಿಲ್ಲ.

ಅತ್ತೆಯ ಕೈ ನಿಂತಿತು. "ಒಲೆ ಉರೀತಾನೇ ಇದೆ ತಾನೇ? ಹಾಗಾದ್ರೆ ಆ ಶಾಖ ಎಲ್ಲಿಗೆ ಹೋಯ್ತು? ಯಾರು ಹೊಡ್ಕೊಂಡು ಹೋದ್ರು?"

"ಅದಕ್ಕೆ ಗುಪ್ತೋಷ್ಣ ಅಂತಾರೆ."

"ಹೆಸರು ಕೇಳ್ಲಿಲ್ಲ. ಎಲ್ಲಿಗೆ ಹೋಯ್ತು ಅಂದೆ. ನಿನ್ನ ದನಿ ತೊದಲ್ತು. ಗೊತ್ತಿಲ್ಲ ನಿಂಗೆ."

ನಿಜಕ್ಕೂ ಗೊತ್ತಿರಲಿಲ್ಲ. ಚೀಟಿಯಲ್ಲಿ ಹೆಸರು ಸರಿಯಾಗಿ ಬರೆದಿದ್ದೆ, ಗೊತ್ತಿದೆ ಎಂದುಕೊಂಡಿದ್ದೆ. ಮರುದಿನ ಮೇಡಂ ಹತ್ತಿರ ಕೇಳಿಕೊಂಡು ಬಂದೆ. "ಅತ್ತೆ, ನೀರನ್ನ ಆವಿ ಮಾಡೋಕೇ ಆ ಶಾಖ ಖರ್ಚಾಗುತ್ತೆ. ಆವಿ ಅದನ್ನ ಹೊತ್ಕೊಂಡು ಹೋಗುತ್ತೆ."

ಅವಳು ಮಣಿಕಟ್ಟಿನ ಹಳೆಯ ಸುಟ್ಟ ಕಲೆಯನ್ನು ನೋಡಿಕೊಂಡಳು. "ಓಹೋ! ಅದಕ್ಕೇ ಕುದಿಯೋ ನೀರಿಗಿಂತ ಆವಿ ಸುಟ್ರೆ ಪ್ರಾಣ ಹೋಗೋದು. ಕಳ್ಳ ಸಿಕ್ಕಿದ."

ಆ ವಾರವೆಲ್ಲ ಹೀಗೇ. ಪಾಠ ಅವಳಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ, ಆದರೆ ನಾನು ಎಲ್ಲಿ ಹಾರಿಸಿದೆ, ಎಲ್ಲಿ ನುಂಗಿದೆ ಎಂಬುದು ತಪ್ಪದೆ ತಿಳಿಯುತ್ತಿತ್ತು. ಬೈಯಿಸಿಕೊಂಡ ಜಾಗಕ್ಕೆ ಗುರುತು ಹಾಕಿಕೊಂಡು ಮತ್ತೆ ಓದುತ್ತಿದ್ದೆ.

ಶನಿವಾರ ಅಪ್ಪ ಸದ್ದಿಲ್ಲದೆ ಬಂದು ಪರದೆ ಸರಿಸಿದ. ನಾನು ಮುಚ್ಚಿದ ಪುಸ್ತಕದ ಮುಂದೆ ಕಣ್ಣು ಮುಚ್ಚಿ ಕೂತಿದ್ದೆ. "ಕಿವಿಗೆ ಹೂವು ಇಡ್ತೀಯಾ ನಂಗೆ? ಅಕ್ಕಾ, ಸೋಮವಾರದಿಂದ ಇವಳೂ ಮೇಜಿಗೆ ನಿಲ್ಲಲಿ!"

ಅತ್ತೆ ಬಟ್ಟೆಯಿಂದ ತಲೆ ಎತ್ತಲಿಲ್ಲ. ಚಿಕ್ಕ ಹುಡುಗರ ರಾಗದಲ್ಲಿ, ಜೋರಾಗಿ, ಹೇಳತೊಡಗಿದಳು: "ನದಿಯು ಬೆಟ್ಟದಲ್ಲಿ ಹುಟ್ಟುತ್ತದೆ. ನದಿಯು ಬಯಲಿನಲ್ಲಿ ನಿಧಾನವಾಗಿ ಹರಿಯುತ್ತದೆ. ಸಮುದ್ರವನ್ನು ಸೇರುವ ಮುನ್ನ ನದಿಯು..." ಅಲ್ಲಿಗೆ ನಿಲ್ಲಿಸಿದಳು. "ಪುಟ ಮುಗೀತು. ಮುಂದಿನ ಪುಟದಲ್ಲಿ ಏನಿತ್ತೋ, ತಮ್ಮಾ?"

ಅಪ್ಪನ ಮುಖ ಕಪ್ಪಿಟ್ಟಿತು. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ.

"ಬಾಯ್ಬಿಟ್ಟು ಓದಿ ನೀನು ನಂಗೆ ಮೋಸ ಮಾಡಿದೆ. ಇವಳು ಬಾಯ್ಮುಚ್ಕೊಂಡು ನಿಜವಾಗಿ ಓದ್ತಿದಾಳೆ. ಒಂದು ವಾರ ಕೆದಕಿ ಕೆದಕಿ ನೋಡಿದೀನಿ. ಪರೀಕ್ಷೆ ಬರೀಲಿ."

ಅಪ್ಪ ಆಮೇಲೆ ಆ ವಿಷಯ ಎತ್ತಲಿಲ್ಲ. ನಾನು ಪರೀಕ್ಷೆ ಬರೆದೆ, ಪಾಸಾದೆ. ಅಂಕಪಟ್ಟಿಯನ್ನು ಅತ್ತೆ ಬೆಳಕಿಗೆ ಹಿಡಿದು, ಮುದ್ರೆಯನ್ನು ಉಗುರಿನಿಂದ ಕೆರೆದು, ಔಷಧಿ ಅಂಗಡಿಗೂ ಒಯ್ದು ಓದಿಸಿಕೊಂಡು ಬಂದಳು. ಬಂದವಳು ಇಸ್ತ್ರಿಗೆ ಕೈಹಾಕದೆ ನನ್ನ ಚಾಪೆಯ ಮೇಲೆ ಕೂತಳು. ಆ ಚಾಪೆಯ ಮೇಲೆ ಅವಳು ಎಂದೂ ಕೂತವಳಲ್ಲ.

"ಒಂದು ಕೇಳ್ಲಾ? ಮೂವತ್ತು ವರ್ಷದಿಂದ ತಲೇಲಿದೆ. ಯಾರನ್ನ ಕೇಳಿದ್ರೂ ಸುಳ್ಳು ಹೇಳ್ತಾರೇನೋ ಅಂತ ಕೇಳ್ಲಿಲ್ಲ. ಸಮುದ್ರ ಸೇರೋಕೆ ಮುಂಚೆ ಆ ನದಿ ಏನು ಮಾಡುತ್ತೆ?"

ನಾನು ಅವಳ ಪಕ್ಕ ಕೂತೆ. "ದಾರಿಯುದ್ದಕ್ಕೂ ಹೊತ್ಕೊಂಡು ಬಂದ ಮಣ್ಣನ್ನೆಲ್ಲ ಅಲ್ಲೇ ಇಳಿಸುತ್ತೆ ಅತ್ತೆ. ಆ ಮಣ್ಣಲ್ಲಿ ಬೆಳೆ ಚೆನ್ನಾಗಿ ಬರುತ್ತೆ."

ಅವಳು ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು.

"ದನಿ ನಡುಗ್ತಾ ಇದೆ" ಎಂದಳು. "ಇನ್ನೊಂದ್ಸಲ ಹೇಳು."